ಅಗ್ಗದ ಕ್ಲಾಂಪೂ ಅತ್ತೆಯವರ ಜೋಕಾಲಿಯೂ

ಟೆಕ್ಸಸ್ಸಿನಲ್ಲಿ ಸಿಗುವ ಸೋಫಾಗಳ ಮೇಲೆ ನನ್ನದೊಂದು ದೂರಿದೆ. ಅವನ್ನು ಕೂರುವುದಕ್ಕೆ ಮಾಡಿಲ್ಲ, ಮುಳುಗುವುದಕ್ಕೆ ಮಾಡಿದ್ದಾರೆ. ನಮ್ಮ ಅತ್ತೆ ಗುರವ್ವನವರು ಹುಬ್ಬಳ್ಳಿಯಿಂದ ಡಲ್ಲಾಸ್ ಪಕ್ಕದ ನಮ್ಮ ಫ್ರಿಸ್ಕೋ ಮನೆಗೆ ಬಂದ ದಿನ ಅಂಥದೊಂದು ಸೋಫಾದಲ್ಲಿ ಕೂತರು. ಅವರನ್ನು ಎಬ್ಬಿಸಲು ನಾನೊಂದು ಕೈ, ನನ್ನ ಹೆಂಡತಿ ವಾಣಿಶ್ರೀ ಒಂದು ಕೈ ಹಿಡಿದು ಎಳೆಯಬೇಕಾಯಿತು. (ಮಗಳು ಗಾರ್ಗಿ ಹಿಂದಿನಿಂದ ನೂಕಿದಳು. ಬಾವಿಯಿಂದ ಕೊಡ ಎತ್ತುವುದು ಇದಕ್ಕಿಂತ ಸುಲಭ.) ಎದ್ದು ನಿಂತ ಅತ್ತೆ ಸೆರಗು ಸರಿಮಾಡಿಕೊಂಡು, ಮನೆಯ ಮೇಲೆಲ್ಲ ಒಮ್ಮೆ ಕಣ್ಣಾಡಿಸಿದರು.

"ಇಷ್ಟು ದೊಡ್ಡ ಮನಿ ತೊಗೊಂಡೀರಿ ಅಳಿಯಾರ, ಒಂದು ಜೋಕಾಲಿ ಇಲ್ಲಲ್ರೀ."

ಅವರು ಆಕ್ಷೇಪಿಸಲಿಲ್ಲ, ಬರೀ ಮರುಗಿದರು. ಹುಬ್ಬಳ್ಳಿಯ ಅವರ ಮನೆಯ ಪಡಸಾಲೆಯಲ್ಲಿ ನಾಲ್ಕು ಸರಪಳಿಗಳಿಗೆ ತೂಗುಹಾಕಿದ ಅಗಲವಾದ ಹಲಗೆಯೊಂದಿದೆ. ಅದರ ಮೇಲೆ ಕೂತೇ ಅವರು ಅಕ್ಕಿ ಆರಿಸುವುದು, ಫೋನು ಮಾಡುವುದು, ಊರಿನ ಸಂಬಂಧಗಳನ್ನು ಕುದುರಿಸುವುದು, ಬೇಕಾದರೆ ಮುರಿಯುವುದು. ಮದುವೆಯಾದ ಹೊಸದರಲ್ಲಿ ನನ್ನನ್ನು ಅದೇ ಜೋಕಾಲಿಯ ಮೇಲೆ ಕೂರಿಸಿ, ತಾವು ನಿಂತು, ಒಂದಾದ ಮೇಲೊಂದು ಹೋಳಿಗೆ ಬಡಿಸಿದವರು ಅವರು. ಅಂಥವರು ನನ್ನ ಮನೆಯಲ್ಲಿ ಸೋಫಾದೊಳಗೆ ಮುಳುಗುವುದೇ? ನನ್ನ ಎದೆ ಉಬ್ಬಿತು.

"ಅದಕ್ಕ್ಯಾಕ ಚಿಂತಿ ಮಾಡ್ತೀರಿ ಅತ್ತಿ? ನಾನ ಮಾಡಿ ತೂಗಹಾಕ್ತೀನಿ" ಎಂದುಬಿಟ್ಟೆ.

ಅಡುಗೆಮನೆಯಲ್ಲಿ ಪಾತ್ರೆಯೊಂದು ಸದ್ದಾಗಿ ಬಿತ್ತು. ಹೆಂಡತಿಯ ಅಭಿಪ್ರಾಯ ನನಗೆ ಸಾಮಾನ್ಯವಾಗಿ ಹೀಗೇ ತಲುಪುವುದು.

ಇಲ್ಲಿ ನನ್ನ ಕಸುಬಿನ ಬಗ್ಗೆ ಒಂದು ಮಾತು. ಕೋಡು ಬರೆದು ಬರೆದು ಬೇಸತ್ತ ಫ್ರಿಸ್ಕೋದ ಗಂಡಸರಿಗೆ ನಲವತ್ತೈದರ ಸುಮಾರಿಗೆ ಎರಡರಲ್ಲೊಂದು ಗಂಟುಬೀಳುತ್ತದೆ: ಬಿ.ಪಿ. ಇಲ್ಲವೇ ಬಡಗಿತನ. ನನಗೆ ಎರಡನೆಯದು ಗಂಟುಬಿತ್ತು, ಅದರಿಂದ ವಾಣಿಶ್ರೀಗೆ ಮೊದಲನೆಯದು. ಗ್ಯಾರೇಜಿನಲ್ಲಿ ನನ್ನ ಗರಗಸ, ಉಳಿ, ಹಲಗೆಗಳು ಕ್ಯಾಮೆರಾದ ಕಾವಲಿನಲ್ಲಿ ವಾಸಿಸುತ್ತವೆ. ಅವಳ ಕಾರು ಟೆಕ್ಸಸ್ಸಿನ ಬಿಸಿಲಲ್ಲಿ ಹೊರಗೆ ನಿಂತು ಹಂಚಿನಂತೆ ಕಾಯುತ್ತದೆ. ಇಷ್ಟೆಲ್ಲ ತ್ಯಾಗದ ಫಲವಾಗಿ ಈವರೆಗೆ ಹುಟ್ಟಿರುವುದು ಒಂದು ಚಪ್ಪಲಿ ಸ್ಟ್ಯಾಂಡು. ಅದು ಗೋಡೆಗೆ ಒರಗಿದರೆ ಮಾತ್ರ ನಿಲ್ಲುತ್ತದೆ.

ಸಂಜೆ ವಾಣಿಶ್ರೀ ತನ್ನ ತೀರ್ಪು ಕೊಟ್ಟಳು. "ಅವ್ವ ದೀಪಾವಳಿ ಮುಗಿಸಿ ಹೊಂಟಾಳ. ಅದರೊಳಗ ಆಕಿ ಜೋಕಾಲಿ ಮ್ಯಾಲೆ ಕುಂತ್ಲಂದ್ರ ಸರಿ. ಇಲ್ಲಂದ್ರ ನಿಮ್ಮ ಗರಗಸದ ಸಂಸಾರ ಹೊರಗ, ನನ್ನ ಕಾರು ಒಳಗ."

ಹೀಗೆ ನನ್ನ ಮಾನವೂ ಗ್ಯಾರೇಜೂ ಒಂದೇ ಹಲಗೆಯ ಮೇಲೆ ನಿಂತವು.

ಅಷ್ಟು ಅಗಲದ ಹಲಗೆ ಇಡಿಯಾಗಿ ಸಿಗುವುದಿಲ್ಲ. ಕಿರಿದಾದ ಹಲಗೆಗಳನ್ನು ಪಕ್ಕಪಕ್ಕಕ್ಕೆ ಇಟ್ಟು, ನಡುವೆ ಅಂಟು ಹಚ್ಚಿ, ಒಣಗುವ ತನಕ ಎರಡೂ ಕಡೆಯಿಂದ ಅದುಮಿ ಹಿಡಿಯಬೇಕು. ಹೀಗೆ ಅದುಮಿ ಹಿಡಿಯುವ ಕಬ್ಬಿಣದ ಕೈಗಳೇ ಕ್ಲಾಂಪುಗಳು. ಪೀಕಾನ್ ಮರದ ಹಲಗೆಗಳನ್ನು ನಾನು ಒಳ್ಳೆಯ ಬೆಲೆಗೆ ತಂದಿದ್ದೆ. ಕ್ಲಾಂಪಿನ ವಿಚಾರ ಕೇಳಲು ಆಸ್ಟಿನ್‌ಗೆ ಡ್ರೈವ್ ಮಾಡಿದೆ.

ಅಲ್ಲಿ ನನ್ನ ಗೆಳೆಯ ಪ್ರಭಂಜನ ಇದ್ದಾನೆ. ಮೈಸೂರಿನವನು, ಹಗಲೆಲ್ಲ ಡೊಮೇನ್ ಬಡಾವಣೆಯ ಹತ್ತಿರದ ಆಫೀಸು, ಉಳಿದ ವೇಳೆಯೆಲ್ಲ ಮರಗೆಲಸ. ಅವನ ಗ್ಯಾರೇಜಿನ ಗೋಡೆಯ ಮೇಲೆ ಮದುವೆಮನೆಯ ಸೌಟುಗಳಂತೆ ಕ್ಲಾಂಪುಗಳು ಸಾಲಾಗಿ ತೂಗುತ್ತಿದ್ದವು. ಒಂದನ್ನು ಮುಟ್ಟಿ ಬೆಲೆ ಕೇಳಿದೆ. ಅವನು ಹೇಳಿದ. ನಾನು ಕೈ ತೆಗೆದೆ.

"ಇದೇನೋ ಇದು! ಹಲಗಿಗಿಂತ ಹಿಡಿಯೋದಕ್ಕ ಜಾಸ್ತಿ? ಮೂಗಿಗಿಂತ ಮೂಗುತಿ ಭಾರ ಆತಲ್ಲೋ?"

"ಮರ ಒಂದು ಸಲ ತಗೋತೀಯ, ಕ್ಲಾಂಪ್ ಜೀವನ ಪೂರ್ತಿ ಬರುತ್ತೆ ಕಣೋ."

"ಎಷ್ಟಿದ್ದರ ಸಾಕು?"

"ಸಾಕು ಅನ್ನೋದೇ ಇಲ್ಲ ಇದರಲ್ಲಿ. ಎಷ್ಟಿದ್ರೂ ಕೆಲಸದ ಟೈಮಿಗೆ ಎರಡು ಕಮ್ಮಿ ಬೀಳುತ್ತೆ."

"ಹಂಗಾರ ನಿನ್ನವು ನಾಕು ಕೊಡು, ವಾಪಸ್ ತಂದು ಕೊಡ್ತೀನಿ."

"ಹೆಂಡ್ತಿ ಒಡವೆ ಬೇಕಾದ್ರೆ ಕೇಳು, ವಿಚಾರಿಸ್ತೀನಿ. ಇದು ಮಾತ್ರ ಆಗಲ್ಲ" ಎಂದ ಪ್ರಭಂಜನ ನನ್ನ ಮುಖ ನೋಡಿ ಕರಗಿದ. "ಬಡವರ ಪಾಲಿನ ದೇವರು ಪೈಪ್ ಕ್ಲಾಂಪು. ಹಿಡಿಯೋ ತಲೆಗಳನ್ನ ಮಾತ್ರ ತಗೋ, ನಲ್ಲಿ ಪೈಪಿಗೆ ಸಿಕ್ಕಿಸ್ಕೋ. ಅಗ್ಗ, ಆದ್ರೆ ರಾಕ್ಷಸನ ಹಿಡಿತ. ಒಂದೇ ಒಂದು ಮಾತು: ಪೈಪಿಗೂ ಮರಕ್ಕೂ ನಡುವೆ ಬೇಕಿಂಗ್ ಪೇಪರ್ ಹಾಕು. ಅಂಟು ಸೋರುತ್ತೆ."

'ಅಗ್ಗ' ಎಂಬ ಪದ ಕಿವಿಗೆ ಬಿದ್ದ ಮೇಲೆ ನನಗೆ ಬೇರೇನೂ ಕೇಳಿಸುವುದಿಲ್ಲ. ಇದು ನಮ್ಮ ಮನೆತನದ ಗುಣ.

ಮುಂದಿನ ವಾರ ದಸರಾ ಸೀರೆಗೆಂದು ಹೂಸ್ಟನ್‌ಗೆ ಸವಾರಿ ಹೊರಟಿತು. ಹಿಲ್‌ಕ್ರಾಫ್ಟಿನ ಸೀರೆಯಂಗಡಿಯೊಳಗೆ ತಾಯಿ ಮಗಳು ಇಬ್ಬರೂ ಇಳಿದದ್ದೇ ತಡ, ನಾನು ಜಾರಿಕೊಂಡು, ಹತ್ತಿರದ ಓಣಿಯೊಂದರಲ್ಲಿ ಮನೆ ಮುಂದೆ ಹಳೇ ಸಾಮಾನು ಮಾರುತ್ತಿದ್ದವರಲ್ಲಿಗೆ ಹೋದೆ. ಒಂದು ಬಕೆಟ್ಟಿನ ತುಂಬ ತುಕ್ಕು ಹಿಡಿದ ಕ್ಲಾಂಪಿನ ತಲೆಗಳು! ಎತ್ತಿ ನೋಡಿದೆ, ತಿರುವಿ ನೋಡಿದೆ, ಚೌಕಾಸಿ ಮಾಡಿದೆ, ಹೊರಟುಹೋಗುವ ನಾಟಕ ಮಾಡಿದೆ, ಮತ್ತೆ ಬಂದೆ. ಕೊನೆಗೆ ಆ ಮನೆಯ ಯಜಮಾನ ಬೇಸತ್ತು, ಬಕೆಟ್ಟನ್ನೂ ಸೇರಿಸಿ ಕೊಟ್ಟುಬಿಟ್ಟ.

ವಾಪಸು ಬರುವಾಗ ವಾಣಿಶ್ರೀ ಗಾಡಿ ಓಡಿಸುತ್ತಿದ್ದಳು. ಬಕೆಟ್ಟು ನನ್ನ ತೊಡೆಯ ಮೇಲಿತ್ತು.

"ಸೀರಿ ಎಲ್ಲಾ ಒಂದ ನಮೂನಿ ಅಂತಿರ್ತೀರಲ್ಲ, ಈ ಕಬ್ಬಿಣ ಎಲ್ಲಾ ಒಂದ ನಮೂನಿ ಅನಸೂದಿಲ್ಲೇನು ನಿಮಗ?"

"ಒಂದೊಂದರ ಹಿಡಿತ ಒಂದೊಂದು ನಮೂನಿ ಇರತೈತಿ ವಾಣಿ. ನಿನಗ ತಿಳಿಯೂದಿಲ್ಲ."

"ಹಿಡಿತದ ವಿಷಯ ನನಗ ಹೇಳ್ತೀರಾ?" ಎಂದಳು. ಹಿಂದಿನ ಸೀಟಿನಿಂದ ಅತ್ತೆ ನಕ್ಕರು. ನಾನು ಬಕೆಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಪೈಪುಗಳು ಡಲ್ಲಾಸಿನಲ್ಲೇ ಸಿಕ್ಕವು. ಅಂಟನ್ನೂ ತಂದೆ. ಜೋಕಾಲಿ ಹಿತ್ತಲಿನ ಪ್ಯಾಟಿಯೋದಲ್ಲಿ, ಅಂದರೆ ತೆರೆದ ಜಗಲಿಯಲ್ಲಿ, ತೂಗುವುದರಿಂದ ಮಳೆಗೆ ಜಗ್ಗದ ಅಂಟೇ ಬೇಕೆಂದು, ನೊರೆಯಾಗಿ ಉಬ್ಬಿ ಗಟ್ಟಿಯಾಗುವ ಜಾತಿಯದನ್ನು ಆರಿಸಿದೆ. 'ತೆಳ್ಳಗೆ ಹಚ್ಚಿ' ಎಂದು ಬಾಟಲಿಯ ಮೇಲೆ ಬರೆದಿತ್ತು. ಅದು ಜಿಪುಣರಿಗೆ ಹೇಳಿದ ಮಾತು! ಅತ್ತೆ ಕೂರುವ ಹಲಗೆಗೆ ಅಂಟು ಉಳಿಸುವುದೇ? ಹೋಳಿಗೆಗೆ ತುಪ್ಪ ಸುರಿದ ಹಾಗೆ ಸುರಿದೆ. ಮೂರು ಪೈಪುಗಳನ್ನು ಅಡ್ಡಲಾಗಿ ಕೆಳಗಿಟ್ಟು, ಹಲಗೆಗಳನ್ನು ಮೇಲೆ ಜೋಡಿಸಿ, ಹಲ್ಲು ಕಚ್ಚಿ ತಿರುಪು ಬಿಗಿದೆ. ಬೇಕಿಂಗ್ ಪೇಪರ್ ಮಾತ್ರ ನೆನಪಾಗಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಸ್ನಾನ ಮುಗಿಸಿ, ಸೀಟಿ ಹಾಕುತ್ತ ಗ್ಯಾರೇಜಿಗೆ ಹೋದರೆ, ಅಂಟು ದೋಸೆಹಿಟ್ಟಿನ ಹಾಗೆ ಉಕ್ಕಿ, ಪೈಪುಗಳನ್ನು ಅಪ್ಪಿಕೊಂಡು, ಕ್ಲಾಂಪಿನ ತಿರುಪಿನೊಳಗೂ ನುಗ್ಗಿ, ಕಲ್ಲಾಗಿ ಕೂತಿತ್ತು. ತಿರುವಿದೆ, ಅಲುಗಲಿಲ್ಲ. ಹಲಗೆಯ ಮೇಲೆ ಕಾಲಿಟ್ಟು ಪೈಪು ಹಿಡಿದು ಎಳೆದೆ. ನನ್ನ ಸೊಂಟ ಲಟಕ್ಕೆಂದಿತು. ಪೈಪು ಜಪ್ಪೆನ್ನಲಿಲ್ಲ. ಪ್ರಭಂಜನ ಹೇಳಿದ್ದು ನಿಜ, ರಾಕ್ಷಸನ ಹಿಡಿತ. ಆ ಬಕೆಟ್ಟಿನ ಕುಲಗೋತ್ರವನ್ನೆಲ್ಲ ಶುದ್ಧ ಜವಾರಿ ಭಾಷೆಯಲ್ಲಿ ಬಯ್ಯುತ್ತ ಸುತ್ತಿಗೆಗೆ ಕೈ ಹಾಕಿದೆ.

ಆಗ ಬಾಗಿಲಲ್ಲಿ ಅತ್ತೆ! ಕೈಯಲ್ಲಿ ಕಾಫಿ, ಮುಖದಲ್ಲಿ ಮಗುವಿನ ಆಸೆ.

"ಆತೇನ್ರಿ ಅಳಿಯಾರ? ಆ ಕಬ್ಬಿಣ ತಗೀರಿ, ಹಲಗಿ ಕಣ್ತುಂಬ ನೋಡತೀನಿ."

ಆ ಮುಖ ನೋಡುತ್ತ 'ಕೆಟ್ಟುಹೋಯಿತು' ಎನ್ನಲು ನನಗೆ ನಾಲಿಗೆ ಬರಲಿಲ್ಲ. ಹಿಂದೆಯೇ ವಾಣಿಶ್ರೀ ಬರುವ ಹೆಜ್ಜೆ ಸಪ್ಪಳ. ಕಣ್ಣ ಮುಂದೆ ಅವಳ ಕಾರು ಮೆರವಣಿಗೆಯಲ್ಲಿ ಗ್ಯಾರೇಜು ಪ್ರವೇಶ ಮಾಡಿದಂತಾಯಿತು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಅನ್ನುತ್ತಾರೆ. ನನಗೆ ಸಿಕ್ಕ ಹುಲ್ಲುಕಡ್ಡಿ ಪಂಚಾಂಗ.

"ಏನ ಮಾತಾಡ್ತೀರಿ ಅತ್ತಿ!" ಎಂದೆ, ಕೆನ್ನೆ ಕೆನ್ನೆ ಬಡಿದುಕೊಂಡು. "ಇವತ್ತ ಖಂಡೇಪೂಜಿ! ಆಯುಧ ಬಿಚ್ಚೋದಿರಲಿ, ಬೆರಳಲೇ ಮುಟ್ಟಬಾರದು. ನಾಳೆ ವಿಜಯದಶಮಿ ಆಗೂ ತನಕ ಅವು ದೇವರು!"

ಅತ್ತೆ ಕಾಫಿಯನ್ನು ಕೆಳಗಿಟ್ಟು ನನ್ನನ್ನೇ ಬೆರಗಾಗಿ ನೋಡಿದರು. ಅದಕ್ಕೆ ಕಾರಣವಿದೆ. ಈ ಅಳಿಯ ಪ್ರತಿ ವರ್ಷ ಖಂಡೇಪೂಜೆಯ ದಿನ, ಲ್ಯಾಪ್‌ಟಾಪಿಗೆ ವಾಣಿಶ್ರೀ ಹಚ್ಚಿದ ಕುಂಕುಮ, ಅರಿಶಿನದ ಭಂಡಾರವನ್ನು ಟಿಶ್ಯೂ ಪೇಪರಿನಲ್ಲಿ ಒರೆಸುತ್ತ 'ಇದು ಬ್ಯಾಟರಿ ಮೇಲೆ ಓಡುತ್ತದೆ, ಭಂಡಾರದ ಮೇಲಲ್ಲ' ಎಂದು ಭಾಷಣ ಬಿಗಿಯುವ ವಿಚಾರವಾದಿ. ಆ ಭಾಷಣಗಳು ಹುಬ್ಬಳ್ಳಿಯ ಜೋಕಾಲಿಯ ತನಕ ತಲುಪಿದ್ದವು.

"ಬಸವಣ್ಣಾ!" ಎಂದರು ಅತ್ತೆ. ಕಣ್ಣು ತುಂಬಿಬಂತು. "ನಮ್ಮ ಮನಿಯವರೂ ಇವತ್ತಿನ ದಿನ ಅರಿವಿ ಅಂಗಡ್ಯಾಗ ಗಜಕಡ್ಡಿ ಸೈತ ಮುಟ್ಟತಿದ್ದಿಲ್ಲ. ವಾಣೀ, ಬಾ ಇಲ್ಲೆ, ನಿನ್ನ ಗಂಡಗ ಬುದ್ಧಿ ಬಂತು!"

ವಾಣಿಶ್ರೀ ನನ್ನನ್ನು ಒಮ್ಮೆ ನೋಡಿದಳು, ಕ್ಲಾಂಪನ್ನು ಒಮ್ಮೆ ನೋಡಿದಳು, ವಿಭೂತಿ ತರಲು ಒಳಗೆ ಹೋದಳು. ಆಗಲೇ ನಾನು ಎಚ್ಚರವಾಗಬೇಕಿತ್ತು.

ನನ್ನ ಲೆಕ್ಕಾಚಾರ ಸರಳ. ಪೂಜೆಯಾಗಲಿ, ಎಲ್ಲರೂ ಊಟ ಮಾಡಿ ಮಲಗಲಿ, ನಾನು ಸುತ್ತಿಗೆ ಉಳಿ ಹಿಡಿದು ಮೆಲ್ಲಗೆ ಕೆತ್ತಿ ಬಿಡಿಸಿಬಿಡುತ್ತೇನೆ. ಆದರೆ ಹಲಗೆ ಕ್ಲಾಂಪುಸಮೇತ ನಡುಮನೆಗೆ ಬಿಜಯಂಗೈದಿತು. ಅತ್ತೆಯವರೇ ಮುಂದೆ ನಿಂತು ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡು ಹೂ ಸಿಕ್ಕಿಸಿದರು. ಆಮೇಲೆ ಸುತ್ತ ನೋಡಿ, "ಸುತ್ತಿಗಿ, ಉಳಿ, ಗರಗಸ ಎಲ್ಲಿ? ಅವೇನ ಪಾಪ ಮಾಡ್ಯಾವ?" ಎಂದರು.

ಅವೂ ಬಂದವು. ಅವಕ್ಕೂ ಕುಂಕುಮ. ನನ್ನ ಕೊನೆಯ ಆಸರೆ ದೇವರಾಗಿ ಕೂತಿತು.

"ಕಾರಿನ ಕೀಲಿ?" ಎಂದಳು ವಾಣಿಶ್ರೀ ಮುಗ್ಧಳಂತೆ. ಕೀಲಿಯೂ ಹೋಯಿತು. "ಲ್ಯಾಪ್‌ಟಾಪು? ಅದರ ಮ್ಯಾಲೇ ನಡೀತೈತಿ ನಮ್ಮ ಸಂಸಾರ, ಹೌದಿಲ್ಲವ್ವ?"

"ಏ, ಮೀಟಿಂಗ್ ಐತಿ ಇವತ್ತ!"

"ಬೆರಳಲೇ ಮುಟ್ಟಬಾರದು ಅಂದವರ ನೀವ."

ಲ್ಯಾಪ್‌ಟಾಪೂ ಹೋಯಿತು, ಫೋನೂ ಹೋಯಿತು. ಗಡ್ಡ ಹೆರೆಯುವ ಮಷೀನಿಗೂ ಒಂದು ಹೂ ಬಿತ್ತು. ಆಫೀಸಿಗೆ ವಾಣಿಶ್ರೀಯೇ ತನ್ನ ಫೋನಿನಿಂದ ಕರೆ ಮಾಡಿಕೊಟ್ಟಳು. (ಅವಳ ಫೋನು ಆಯುಧವಲ್ಲವೇ ಎಂದು ಕೇಳಿದ್ದಕ್ಕೆ, "ಅದು ಹಬ್ಬದ ಫೋಟೋ ತಗಿಯಾಕ" ಎಂದು ಅತ್ತೆ ರಕ್ಷಣೆ ಕೊಟ್ಟರು.) ಊಟವಾದ ಮೇಲೆ ನೋಡಿದರೆ ಡಿಶ್‌ವಾಷರಿನ ಹಣೆಯ ಮೇಲೂ ಮೂರು ಬೆರಳಿನ ವಿಭೂತಿ.

"ಇದೂ ಆಯುಧನ?"

"ನನ್ನ ಪಾಲಿನ ದೊಡ್ಡ ಆಯುಧ ಅದ. ನಿಮ್ಮ ಕೈ ಆಯುಧ ಅಲ್ಲಲ್ಲ, ತೊಳೀರಿ."

ಹಬ್ಬದ ಅಷ್ಟೂ ಪಾತ್ರೆ ತೊಳೆದೆ. ಮಧ್ಯಾಹ್ನವಿಡೀ ನನಗೆ ಮಾಡಲು ಬೇರೆ ಕೆಲಸವಿಲ್ಲ, ಹೋಗಲು ಕಾರಿಲ್ಲ, ನೋಡಲು ಫೋನಿಲ್ಲ. ಅತ್ತೆ ಪೂಜೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕಾವಲು ಕೂತಿದ್ದರು. ನಾನೂ ಕೂತೆ. ಅವರು ತಮ್ಮ ಅಂಗಡಿಯ ಕಥೆ ಹೇಳಿದರು. ಅಳತೆಯಲ್ಲಿ ಜಗಳ ತೆಗೆದ ಗಿರಾಕಿ ತಾನೇ ಬಟ್ಟೆಯಲ್ಲಿ ಸುತ್ತಿಕೊಂಡು ಬಿದ್ದ ಕಥೆಗೆ ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಅವರು ಬಂದು ಎರಡು ತಿಂಗಳಾಗಿದ್ದರೂ ಅವರೊಂದಿಗೆ ನಾನು ಹಾಗೆ ಕೂತದ್ದು ಅದೇ ಮೊದಲು. ನಿಜ ಹೇಳುತ್ತೇನೆ, ಖುಷಿಯಾಯಿತು. ಆದರೆ ನಡುನಡುವೆ ಕಣ್ಣು ಆ ಪೈಪುಗಳ ಮೇಲೆ ಬಿದ್ದಾಗಲೆಲ್ಲ ಅತ್ತೆಯವರಿಂದ ಇನ್ನೊಂದು ಕಥೆ ಕೇಳುತ್ತಿದ್ದೆ.

ವಿಜಯದಶಮಿಯ ಸಂಜೆ ಬನ್ನಿ ಹಂಚಲು ಜನ ಬಂದರು. ಟೆಕ್ಸಸ್ಸಿನಲ್ಲಿ ಬನ್ನಿ ಮರವಿಲ್ಲ. ಇಲ್ಲಿನ ಮೆಸ್ಕೀಟ್ ಮರ ಅದರ ದಾಯಾದಿ, ಅದರ ಎಲೆಯೇ ನಮಗೆ ಬಂಗಾರ. ಅಳಿಯನ ಭಕ್ತಿಯ ಸುದ್ದಿಯನ್ನು ಅತ್ತೆ ಮಗಳ ಫೋನಿನಿಂದಲೇ ಊರಿಗೆಲ್ಲ ಸಾರಿದ್ದರಿಂದ, ಬಾರದವರೂ ಬಂದಿದ್ದರು. ಆಫೀಸು ಕೆಲಸಕ್ಕೆ ಡಲ್ಲಾಸಿಗೆ ಬಂದಿದ್ದ ಪ್ರಭಂಜನನೂ ಬಂದ. "ಬಂಗಾರ ತೊಗೊಂಡು ಬಂಗಾರದಂಗ ಇರೂಣು" ಎಂದು ಎಲ್ಲರೂ ಎಲೆ ಕೊಟ್ಟು ತೆಗೆದುಕೊಂಡ ಮೇಲೆ ಅತ್ತೆ ಚಪ್ಪಾಳೆ ತಟ್ಟಿದರು.

"ಇನ್ನ ಪೂಜಿ ಇಳಸ್ರಿ ಅಳಿಯಾರ. ಎಲ್ಲಾರ ಮುಂದ ಆ ಕಬ್ಬಿಣ ಬಿಚ್ಚರಿ."

ಎಲ್ಲರೂ ಸುತ್ತ ನೆರೆದರು. ನಾನು ಮಂಡಿಯೂರಿ ತಿರುಪಿಗೆ ಕೈ ಹಾಕಿದೆ. ಬೆವರು ವಿಭೂತಿಗೆ ಇಳಿಯಿತು. ಮೆಲ್ಲಗೆ ಎಳೆದೆ. ಜೋರಾಗಿ ಎಳೆದೆ. ಮೂರು ಪೈಪು, ಎಲ್ಲ ಹಲಗೆ, ಚೆಂಡು ಹೂ ಸಮೇತ ಇಡೀ ದೇವರು ಎದ್ದು ಬಂತು.

"ಅಪ್ಪಾ, ಇಟ್ಸ್ ಸ್ಟಕ್" ಎಂದಳು ಗಾರ್ಗಿ, ಕೇಳಿಸದವರಿಗೂ ಕೇಳಿಸುವಂತೆ.

ಅತ್ತೆಯವರ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಗ್ಯಾರೇಜು ಹಾಳಾಗಿಹೋಗಲಿ, ಈ ಹೆಂಗಸು ಮತ್ತೆ ಆ ಸೋಫಾದೊಳಗೆ ಮುಳುಗಬೇಕಲ್ಲ ಎಂದು ಸಂಕಟವಾಯಿತು. ಅಷ್ಟರಲ್ಲಿ ಪ್ರಭಂಜನ ನನ್ನ ಪಕ್ಕ ಬಗ್ಗಿ, ಹಲಗೆಯ ಅಡಿ ನೋಡಿ, ಪಿಸುಗುಟ್ಟಿದ: "ಬೇಕಿಂಗ್ ಪೇಪರ್?"

ನಾನು ತಲೆಯಾಡಿಸಿದೆ, ಇಲ್ಲವೆಂದು.

ಅವನು ಎದ್ದುನಿಂತು ಗಂಟಲು ಸರಿಮಾಡಿಕೊಂಡ. "ಇದನ್ನ ತೆಗೀಬಾರದು ಆಂಟಿ. ತೆಗೆದ್ರೆ ಮರ ಸಿಗಿದುಬರುತ್ತೆ. ಪೈಪ್ ತುದಿಗಳು ಎರಡೂ ಕಡೆ ಚಾಚ್ಕೊಂಡಿವೆ ನೋಡಿ. ಸರಪಳಿನ ಅಲ್ಲೇ ಹಾಕೋಣ. ಕ್ಲಾಂಪ್ ತಲೆ ಇರೋದ್ರಿಂದ ಸರಪಳಿ ಜಾರೋದೂ ಇಲ್ಲ. ಆನೆ ಕೂತ್ರೂ ಜಗ್ಗಲ್ಲ."

ಪ್ಯಾಟಿಯೋದ ತೊಲೆಗೆ ಕೊಕ್ಕೆ, ಸರಪಳಿಗಳನ್ನು ನಾನು ಮೊದಲೇ ಹಾಕಿಟ್ಟಿದ್ದೆ. ಎಲ್ಲರೂ ಕೈ ಹಚ್ಚಿ ತೂಗುಹಾಕಿದರು. ಮೊದಲು ಪ್ರಭಂಜನ ಕೂತು ಕುಣಿದು ನೋಡಿದ, ಆಮೇಲೆ ಅತ್ತೆ ಕೂತರು. ಎರಡು ಕಾಲನ್ನೂ ನೆಲಕ್ಕೆ ಒತ್ತಿ, ಒಮ್ಮೆ ಹಿಂದಕ್ಕೆ ಸರಿದು, ಬಿಟ್ಟರು. ಸರಪಳಿ ಕಿರ್ರೆಂದಿತು. ಅವರು ಕಣ್ಣು ಮುಚ್ಚಿಕೊಂಡರು. ಆ ಮುಖದಲ್ಲಿ ಹಬ್ಬವೇ ನಡೆಯುತ್ತಿತ್ತು. ನನಗೆ ಅಳು ಬಂದಂತಾಗಿ ಚೆಂಡು ಹೂ ಆರಿಸುವ ನೆಪದಲ್ಲಿ ಬಗ್ಗಿದೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನಂಥ ಪುಣ್ಯವಂತ ಇರುತ್ತಿರಲಿಲ್ಲ. ಅತ್ತೆ ಕಣ್ಣು ಬಿಟ್ಟರು.

"ದೇವರು ಅಳಿಯಾರ ಕೈಬಿಡಲಿಲ್ಲ. ಟಿಕೀಟು ಮುಂದ ಹಾಕ್ರಿ, ನಾ ಸಂಕ್ರಮಣ ಮುಗಿಸಿ ಹೋಗತೀನಿ. ಮತ್ತ ಇನ್ನೊಂದು. ನಮ್ಮ ಅಂಗಡ್ಯಾಗ ಖಂಡೇಪೂಜಿ ಒಂದ ಅಲ್ಲ, ಪ್ರತಿ ಅಮಾಸಿಗೂ ಆಯುಧಕ್ಕ ಪೂಜಿ ಇರತಿತ್ತು. ಇಷ್ಟು ಭಕ್ತಿ ಇದ್ದವರು ನೀವೂ ನಡಸ್ಕೊಂಡು ಹೋಗ್ರಿ."

"ಪ್ರತಿ ಅಮಾಸಿಗೂ?" ಎಂದೆ. ಲ್ಯಾಪ್‌ಟಾಪು, ಫೋನು, ಕಾರು, ಡಿಶ್‌ವಾಷರು ಎಲ್ಲ ಕಣ್ಣ ಮುಂದೆ ಬಂದವು. ಕಾಪಾಡು ಎಂಬಂತೆ ವಾಣಿಶ್ರೀಯ ಕಡೆ ನೋಡಿದೆ. ಅವಳು ಸೆರಗಿನ ಮರೆಯಲ್ಲಿ ತನ್ನ ಫೋನನ್ನು ನನ್ನತ್ತ ತಿರುಗಿಸಿದಳು. ಗ್ಯಾರೇಜಿನ ಕ್ಯಾಮೆರಾದಲ್ಲಿ ಸೆರೆಯಾದ ವಿಡಿಯೋ: ಖಂಡೇಪೂಜೆಯ ಮುಂಜಾನೆ, ಆ ದೇವರ ಎದೆಯ ಮೇಲೆ ಕಾಲಿಟ್ಟು ಎಳೆಯುತ್ತಿರುವ ನಾನು.

"ಧ್ವನಿ ಸೈತ ಐತಿ" ಎಂದು ಕಿವಿಯಲ್ಲಿ ಉಸುರಿದಳು. "ಹಚ್ಚಲೋ, ಹೂಂ ಅಂತೀರೋ?"

"ಹೂಂ" ಎಂದೆ. ಸಭೆ ಚಪ್ಪಾಳೆ ತಟ್ಟಿತು.

ಉಳಿದ ಒಂದೇ ಆಸೆ ನಮ್ಮ ಮ್ಯಾನೇಜರ್. ಅಪ್ಪಟ ಟೆಕ್ಸಸ್ಸಿನ ಮನುಷ್ಯ, ರಜೆ ಎಂದರೆ ಹುಬ್ಬೇರಿಸುವವನು. 'ಪ್ರತಿ ಅಮಾವಾಸ್ಯೆಗೂ ನಾನು ಯಂತ್ರ ಮುಟ್ಟುವಂತಿಲ್ಲ' ಎಂದು ಹೇಳಿ, 'ಅದೆಲ್ಲ ಆಗದು' ಎಂಬ ಉತ್ತರಕ್ಕೆ ಕಾದೆ. ಅವನು ಎದೆಯ ಮೇಲೆ ಕೈಯಿಟ್ಟುಕೊಂಡು, ಇಂಥ ನಿಷ್ಠೆಯನ್ನು ತಾನು ಕಂಡಿಲ್ಲವೆಂದು ಗದ್ಗದಿತನಾಗಿ, ಆ ದಿನಗಳಲ್ಲಿ ನನಗೆ ಯಾರೂ ತೊಂದರೆ ಕೊಡಕೂಡದೆಂದು ಇಡೀ ತಂಡದ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿದ. ಸಾಲದ್ದಕ್ಕೆ, ಆ ದಿನಗಳ ಕೆಲಸವನ್ನು ಶನಿವಾರಗಳಿಗೆ ವರ್ಗಾಯಿಸಿದ.

ಇವತ್ತು ಅಮಾವಾಸ್ಯೆ. ಲ್ಯಾಪ್‌ಟಾಪು ಹೂ ಮುಡಿದು ಕೂತಿದೆ. ಆದ್ದರಿಂದ ಇದನ್ನೆಲ್ಲ ಪ್ಯಾಟಿಯೋದಲ್ಲಿ ಕೂತು, ಗ್ಯಾರೇಜಿನಲ್ಲಿ ಗೆರೆ ಎಳೆಯುವ ಪೆನ್ಸಿಲಿನಿಂದ ಬರೆಯುತ್ತಿದ್ದೇನೆ. ಜೋಕಾಲಿಯ ಕಿರ್ ಕಿರ್ ಸದ್ದು ಈಗಷ್ಟೇ ನಿಂತಿತು.

"ಅಳಿಯಾರ, ಕೈಯಾಗಿಂದು ಏನದು?"

"ಬರೀ ಪೆನ್ಸಿಲ್ ಅತ್ತಿ."

"ಖಡ್ಗಕ್ಕಿಂತ ಲೇಖನಿ ಹರಿತ ಅಂತ ಅವರ ಹೇಳ್ತಿರ್ತಾರವ್ವ!" ಎಂದು ಅಡುಗೆಮನೆಯಿಂದ ವಾಣಿಶ್ರೀಯ ದನಿ.

ಅತ್ತೆ ಕೈ ಚಾಚಿದ್ದಾರೆ. ಕೊಡಲೇಬೇಕು.